ನಾನೂರ ಎಪ್ಪತ್ತೈದರ ಮಗ್ಗಿ

ಒಂದ್ಲೆ ನಾನೂರ ಎಪ್ಪತ್ತೈದು.
ಅಷ್ಟು ಕಿಲೋಹರ್ಟ್ಸ್ ನನ್ನದು, ಲೈಸೆನ್ಸಿನ ಪ್ರಕಾರ.
ಎರಡ್ಲೆ ಒಂಬೈನೂರ ಐವತ್ತು.
ಅದು ಗೋಡೆಯಾಚೆ ಅಮರಮ್ಮನ ಅಡುಗೆಮನೆ,
ಮಸಿ ಹಿಡಿದ ರೇಡಿಯೋ, ರಾತ್ರಿಯ ಹಳೆಯ ಹಾಡು.
ಮೂರ್ಲೆ ಎಲ್ಲಿಗೆ ಹೋಗುತ್ತದೋ,
ದೂರು ಇನ್ನೂ ಬಂದಿಲ್ಲ.

'ದಾವಲಣ್ಣ, ನಿನ್ನ ಜೀರುಂಡಿ
ನನ್ನ ರೇಡಿಯೋದಾಗ ಕುಂತು ಕೂಗ್ತದ ನೋಡು.
ಹಾಡು ಅರ್ಧ, ಕುಂಯ್ ಕುಂಯ್ ಅರ್ಧ.'

ಮುದಗಲ್ಲಿನ ಹುನಗುಂದ ರಸ್ತೆಯಲ್ಲಿ ನನ್ನದು
ಮೋಟರ್ ಸುತ್ತುವ ಅಂಗಡಿ.
ಹಗಲೆಲ್ಲ ಸುಟ್ಟ ಪಂಪಿನ ಹೊಟ್ಟೆ ಬಗೆದು
ಕರಕಲು ತಂತಿ ಕಿತ್ತು ಹೊಸದು ತುಂಬುತ್ತೇನೆ.
ರಾತ್ರಿ ಮಾಳಿಗೆ ಹತ್ತಿದರೆ ಬೇರೆ ತಂತಿ, ಬೇರೆ ಮಾತು.

ಈ ಅಲೆಯ ಉದ್ದ ಆರುನೂರ ಮೂವತ್ತು ಮೀಟರ್.
ಅದರ ಕಾಲುಭಾಗದ ಕಂಬ ನಿಲ್ಲಿಸಿದರೂ
ಕೋಟೆಯ ಬುರುಜು ಅದರ ಮೊಳಕಾಲಿಗೆ ಬಂದೀತು, ಅಷ್ಟೆ.
ನನ್ನ ಹತ್ತಿರ ಇರುವುದು ಹದಿನಾಲ್ಕು ಮೀಟರಿನ ಪೈಪು,
ತುದಿಯಿಂದ ಬೇವಿನ ಮರಕ್ಕೊಂದು ತಂತಿ.
ಕಡಿಮೆ ಬಿದ್ದ ಎತ್ತರವನ್ನೆಲ್ಲ
ನೀಲಿ ಡ್ರಮ್ಮಿನ ಮೈಗೆ ಸುರುಳಿ ಸುತ್ತಿಟ್ಟಿದ್ದೇನೆ,
ಗಿಡ್ಡನಿಗೆ ದೊಡ್ಡ ರುಮಾಲು ಸುತ್ತಿದ ಹಾಗೆ.

ನೆಲದ ಮಾತು ಕೇಳಬೇಡಿ.
ಒಂದು ಗೇಣು ಮಣ್ಣು, ಆಮೇಲೆ ಬರೀ ಕಲ್ಲು.
ಅರ್ಥಿಂಗ್ ಸರಳು ಠಣ್ ಎಂದು ಕೈಗೇ ವಾಪಸು.
ಉಪ್ಪು, ಇದ್ದಿಲು, ದಿನಕ್ಕೆ ಎರಡು ಕೊಡ ನೀರು,
ಮಗಳ ಬೈಗಳು. ಹೀಗೆ ಒಪ್ಪಿಸಿದ್ದು ಅದನ್ನು.

ಜೀರುಂಡೆಗೆ ಮದ್ದು ಗೊತ್ತಿತ್ತು.
ಸುರುಳಿ, ಅದರ ಕಾಲಿಗೆ ಕೆಪಾಸಿಟರ್, ಮತ್ತೆ ಸುರುಳಿ.
ಸಾಣಿಗೆಯಂಥದ್ದೇ, ಆದರೆ ಹಿಡಿಯುವುದು ಸಣ್ಣದನ್ನು:
ನಿಧಾನದ ಅಲೆಗೆ ದಾರಿ ಬಿಟ್ಟು
ಅವಸರದ್ದನ್ನು ನೆಲಕ್ಕೆ ಎಳೆದು ಕೆಡವುತ್ತದೆ.
ಎರಡು ಭಾನುವಾರ ಅದಕ್ಕೇ ಹೋದವು.
ಮೀಟರಿನ ಮುಳ್ಳು ಮಲಗಿತು,
ಒಂಬೈನೂರ ಐವತ್ತರಲ್ಲಿ ಉಸಿರಿಲ್ಲ.

ಮರುದಿನ ಅಮರಮ್ಮ ಬಂದಳು.
'ಹಂಗ ಅದ.'

ಪೆಟ್ಟಿಗೆ ಬಿಚ್ಚಿದೆ, ಬೈದೆ, ಮುಚ್ಚಿದೆ, ಮತ್ತೆ ಬಿಚ್ಚಿದೆ.
ಮೂರನೇ ವಾರ ಕೀ ಒತ್ತಲು ಮಗಳನ್ನು ಕೂರಿಸಿ
ಅಂಗೈಯಗಲದ ರೇಡಿಯೋ ಹಿಡಿದು ಓಣಿಗಿಳಿದೆ.
ರೇಡಿಯೋ ಮೆಲ್ಲಗೆ ತಿರುಗಿಸುತ್ತ ಹೋದರೆ
ಒಂದು ದಿಕ್ಕಿಗೆ ದನಿ ಸಾಯುತ್ತದೆ.
ಸತ್ತ ಕಡೆ ಗೆರೆ ಎಳೆ, ಕಳ್ಳ ಅಲ್ಲಿದ್ದಾನೆ.
ಗೆರೆ ನನ್ನ ಮಾಳಿಗೆಗೆ ಹೋಗಲಿಲ್ಲ.
ಅಮರಮ್ಮನ ಮೆಟ್ಟಿಲು ಹತ್ತಿತು.

ಬಟ್ಟೆ ಒಣಹಾಕುವ ಕಬ್ಬಿಣದ ತಂತಿ
ತಗಡಿನ ಮೂಲೆಗೆ ಸಿಕ್ಕಿಸಿದ ಕೊಕ್ಕೆ,
ಅಲ್ಲಿ ಹದಿನೈದು ವರ್ಷದ ತುಕ್ಕು.
ನಾನು ಶುದ್ಧ ಒಂದ್ಲೆ ಕಳಿಸಿದರೂ
ತುಕ್ಕಿನ ಬಾಯಿ ಅದನ್ನು ಕಚ್ಚಿ
ಎರಡ್ಲೆ ಮಾಡಿ ಉಗುಳುತ್ತಿತ್ತು.

'ಅಂದ್ರ ಚಾಡಿ ನಮ್ಮ ಮನ್ಯಾಗಿಂದೇ ಹೊಂಟಿತ್ತು?'
ಸೆರಗು ಬಾಯಿಗಿಟ್ಟು ನಕ್ಕಳು ಅಮರಮ್ಮ.
ತಂತಿ ಅಲ್ಲಾಡಿಸಿದಳು, ನಿಂತಿತು.
ಬಿಟ್ಟಳು, ಕೂಗಿತು.
ಅಲ್ಲಾಡಿಸಿದಳು. ಬಿಟ್ಟಳು.
ಅತ್ತ ಕೀ ಮೇಲೆ ಮಗಳ ಕೈ ಸೋತಿತ್ತು,
ಈಕೆಗೆ ಇನ್ನೂ ಆಟ ಮುಗಿದಿರಲಿಲ್ಲ.
ಕೊನೆಗೆ ನನ್ನ ಇಕ್ಕಳ ಇಸಿದುಕೊಂಡು ತಾನೇ ಕತ್ತರಿಸಿದಳು.
ಈಗ ಅಲ್ಲಿ ಹಸಿರು ನೈಲಾನ್ ಹಗ್ಗ.

ರಾತ್ರಿ ಪೆಟ್ಟಿಗೆಯ ಧೂಳು ಒರೆಸಿದೆ.
ತಪ್ಪಾಯಿತು ಎಂದು ತಗಡಿಗೆ ಹೇಳುವುದು ಹೇಗೆ,
ಎರಡು ಸಲ ಒರೆಸಿದೆ.
ಆಚೆ ಹಾಡು ಪೂರ್ತಿ ಬರುತ್ತಿತ್ತು.

ಬೆಳಿಗ್ಗೆ ಗೋಡೆಯಾಚೆ ರೊಟ್ಟಿ ಬಡಿಯುವ ಸದ್ದು.
ಉದ್ದ ಗಿಡ್ಡ ಉದ್ದ ಗಿಡ್ಡ,
ಉದ್ದ ಉದ್ದ ಗಿಡ್ಡ
ಚಹಾದ ಬಟ್ಟಲು ಕೈಯಲ್ಲೇ ಉಳಿಯಿತು.
ಯಾರಾದರೂ ಇದ್ದೀರಾ ಎಂದು
ರಾತ್ರಿಯೆಲ್ಲ ನಾನು ಕೂಗುವ ಕರೆ ಅದು,
ಕೊನೆಯ ಉದ್ದವೊಂದು ಬಾಕಿ.
ಕಾದೆ.
ರೊಟ್ಟಿ ಹಂಚಿಗೆ ಹೋಯಿತು.