ತೋಡದ ಸುರಂಗ

ದಾಜಿಬಾನ ಪೇಟೆಯೊಳಗ ಒಂದು ಪಾವಟಿಗಿ ಕೆಳಗ ನನ್ನ ಅಂಗಡಿ.
ನಿಂತರ ತಲಿ ಬಡೀತೈತಿ, ಅದಕ್ಕ ಕುಂತೇ ಇರ್ತೀನಿ.
ಬ್ಯಾಡಗಿಯಿಂದ ಬಂದಾಂವ ಅಂಗಿ ಕಿಸೆದಿಂದ
ಗುಳಿಗಿ ಚೀಟಿಯೊಳಗ ಸುತ್ತಿದ್ದ ಮೆಮೊರಿ ಕಾರ್ಡ್ ತಗದ.
ಹುಣಸಿ ಬೀಜದಷ್ಟೂ ಇಲ್ಲ.
ಹೆಸರು ಮೌಲಾಸಾಬ ಹಣಗಿ,
ಮೆಣಸಿನಕಾಯಿ ಪ್ಯಾಟಿಯೊಳಗ ತೂಕದ ಕೆಲಸ.
ಅವನ ಅಂಗಿಯ ಘಾಟಿಗೆ
ಪಕ್ಕದ ಬಳಿ ಅಂಗಡಿಯಾಂವ ಮೂರು ಸಲ ಸೀನಿದ.

"ಒಂಬತ್ತು ವರ್ಷ ಕಪಾಟಿನಾಗಿತ್ತು.
ಏನೂ ಬರಂಗಿಲ್ಲ ಅಂದಾರ ಎಲ್ಲಾರೂ.
ನೀ ತಗೀತಿ ಅಂತ ಕೇಳೀನಿ, ತಂಗಿ."

ಬ್ಯಾಟರಿ ಬದಲಿಗೆ ಕುಂತಿದ್ದ ಇನಾಮದಾರ ಮೇಡಂ
ಧಾರವಾಡದಾಗ ಫಿಜಿಕ್ಸ್ ಕಲಿಸೂವರು,
ಸುಮ್ಮನ ಕುಂಡ್ರೂ ಪೈಕಿ ಅಲ್ಲ.
ನನ್ನ ಸ್ಕ್ರೂ ಡಬ್ಬಿ ನಿಲ್ಲಿಸಿ ಗ್ವಾಡಿ ಮಾಡಿದರು,
ಒಂದು ಸ್ಕ್ರೂ ಈ ಕಡೆ ಇಟ್ಟರು.
"ಇದು ಎಲೆಕ್ಟ್ರಾನು.
ಹಾರೂ ತಾಕತ್ತಿಲ್ಲ, ಒಡಿಯೂ ತಾಕತ್ತಿಲ್ಲ,
ಗ್ವಾಡಿಗೆ ಒಂದು ಬಿರುಕೂ ಇಲ್ಲ. ಈಗ ನೋಡು."
ಎತ್ತಿ ಆ ಕಡೆ ಇಟ್ಟರು.
"ನೀವು ಎತ್ತಿಟ್ರಲ್ಲ ಮೇಡಂ!"
"ಅದೇ ತ್ರಾಸು. ಅಲ್ಲೆ ಎತ್ತಿಡಾಕ ಯಾರೂ ಇರಂಗಿಲ್ಲ."

ಇದಕ್ಕ ಸುರಂಗ ಅಂತ ಹೆಸರಿಟ್ಟಾರಂತ.
ನನಗ ಗೊತ್ತಿದ್ದ ಸುರಂಗ
ಕ್ಯಾಸಲ್‌ರಾಕ್ ದಾಟಿದ ಮ್ಯಾಲೆ ಬರ್ತಾವು:
ಕಲ್ಲಿನ ಮ್ಯಾಲೆ ಉಳಿ ಗುರುತು, ಕತ್ತಲಿ, ಹುಡುಗೂರ ಕೂಗು.
ಇಲ್ಲೆ ಯಾರೂ ತೋಡಿಲ್ಲ.
ಅಲೆ ಗ್ವಾಡಿಗೆ ಬಡದ ಕೂಡ್ಲೆ ಸಾಯಂಗಿಲ್ಲ,
ಒಳಗ ಸಣ್ಣ ಆಕ್ಕೋತ ಹೋಗತೈತಿ;
ಪೂರಾ ಆರೂದ್ರಾಗ ಗ್ವಾಡಿ ಮುಗದ್ರ
ಆ ಕಡೆ ಒಂದೀಟು 'ಇರಬಹುದು' ಉಳೀತು.
ಆ ಒಂದೀಟಿನ ಮ್ಯಾಲೆ ಕಾರ್ಡಿನ ಫೋಟೋ ಎಲ್ಲಾ ನಿಂತಾವು.
ಬರಿಯೂವಾಗ ಎಲೆಕ್ಟ್ರಾನು ಹಂಗ ಒಳಗ ಹೊಕ್ಕಾವು,
ವರ್ಷಗಟ್ಟಲೆ ಬಿಟ್ಟರ ಹಂಗ ಒಂದೊಂದ ಹೊರಗ ಬೀಳ್ತಾವು,
ಹೇಳದ ಕೇಳದ ಎದ್ದು ಹೋಗೂ ಬೀಗರಂಗ.

ಸೂರ್ಯನೊಳಗೂ ಇದೇ ಕಥಿ ಅಂದ್ರು.
ಒಂದನ್ನ ಕಂಡ್ರ ಒಂದಕ್ಕ ಆಗದ ಎರಡು ಪ್ರೋಟಾನು,
ಕೂಡಾಕ ಅಲ್ಲಿಯ ಕಾವೂ ಸಾಲದು
(ನನ್ನ ಸೋಲ್ಡರಿಂಗ್ ಕಡ್ಡಿ ಕೇಳಿ ನಕ್ಕಿರಬೇಕು),
ನಡುವಿನ ಗ್ವಾಡಿ ತೂರಿ ಕೂಡ್ತಾವಂತ, ಅದೂ ಅಪರೂಪಕ್ಕ.

ಅಲ್ಲಿತನಕ ಬಾಯಿ ಬಿಡದಾಂವ ಕೇಳಿದ:
"ಅಂದ್ರ ನಮ್ಮ ಮೆಣಸಿನಕಾಯಿ ಒಣಗೂದೂ ಅದರಿಂದನ?"
ಮೇಡಂ ಚಾದ ಬಸಿ ಕೆಳಗಿಟ್ಟರು.
"ಹೌದ್ರಿ. ಅದರಿಂದನ."
"ಹಂಗಾದ್ರ ಘಾಟೂ..."
"ಅಲ್ರಿ. ಘಾಟಿಗೆ ಸಂದಿ ಬೇಕು."

ಮೂರು ದಿನ ಹಿಡೀತು.
ಕಾರ್ಡಿನ ಕರೀ ಮೈ ಕೆರದು, ಕೂದಲದಂಥ ತಂತಿ ಬೆಸದು,
ವೋಲ್ಟೇಜ್ ಇಷ್ಟಿಷ್ಟ ಸರಿಸಿ, ಕೇಳಿದ್ದನ್ನ ಮತ್ತ ಕೇಳಿದೆ,
ಕಿವುಡರ ಮುಂದ ಕುಂತಾಂಗ.
ಫೋಟೋ ಎಲ್ಲಾ ಬೂದಿ ಪಟ್ಟಿ.
ಒಂದರಾಗ ಹಸರು ಬಳಿಯ ಮುಂಗೈ,
ತೊಟ್ಟು ಮುರದ ಕಾಯಿಯ ರಾಶಿ,
ಮುಂದ ಏನಿಲ್ಲ.
ವಿಡಿಯೋ ಒಂದು. ಚಿತ್ರ ಬರಲಿಲ್ಲ.
ದನಿ, ಹನ್ನೊಂದು ಸೆಕೆಂಡು.

ಶನಿವಾರ ಬಂದ. ಕಿವಿಗೆ ಹಾಕ್ಕೋಳಾಕ ಒಲ್ಲೆ ಅಂದ, ಹಂಗ ಹಚ್ಚಿದೆ.
"ಫೋನ ಒಳಗಿಡು, ಧೂಳ ಹೊಕ್ಕೋತ..."
ಆಮ್ಯಾಲೆ ಒಂದು ಸೀನು.
ಎಂಥಾ ಸೀನು! ಶಟರ್ ಅಲುಗಬೇಕು.
ನಗು ಸುರು ಆಗೂದ್ರಾಗ ಮುಗೀತು.

ನಾ ಬಿಲ್ಲು ಬರಿಯಾಕ ಹತ್ತಿದ್ದೆ.
ಅಂವ ಕೌಂಟರಿನ ಗಾಜಿಗೆ ಎರಡೂ ಕೈ ಊರಿ,
ಸೀನಿದವರಿಗೆ ಎದುರಿಗಿದ್ದವರು ಅನ್ನೂ ಮಾತು
ಒಂಬತ್ತು ವರ್ಷ ತಡಾ ಮಾಡಿ, ಮೆಲ್ಲಕ ಅಂದ:
"ಯರ್ಹಮುಕಲ್ಲಾ."

ಇನ್ನೊಮ್ಮೆ ಹಚ್ಚಲೇನ್ರಿ, ಅಂದೆ.
ಬ್ಯಾಡ, ಸವದೀತು, ಅಂದ.
ಸವಿಯಂಗಿಲ್ಲ, ಎರಡು ಕಾಪಿ ತಗದೀನಿ
ಅಂತ ಹೇಳಬೇಕಿತ್ತು.
ಹೇಳಲಿಲ್ಲ.