ಕೇರುಬೀಜದ ಗುರುತು

ನನ್ನಜ್ಜಿ ಬೌರವ್ವನಿಗೆ ಓದು ಬರುತ್ತಿರಲಿಲ್ಲ.
ಆದರೆ ವಿಜಾಪುರದ ನಲವತ್ತೆರಡು ಮನೆಗಳನ್ನು
ಬಟ್ಟೆಯ ಅಂಚಿನಲ್ಲಿ ಬರೆದಿಟ್ಟಿದ್ದಳು.
ಕೇರುಬೀಜಕ್ಕೆ ಸೂಜಿ ಚುಚ್ಚಿ ಕಪ್ಪು ರಸ ತೆಗೆದು
ಮೇಲಿಷ್ಟು ಸುಣ್ಣ ಒತ್ತಿದರೆ
ಧೋತರ ಹರಿದೀತು, ಗುರುತು ಹರಿಯದು.

ಬೇವಿನ ಗಿಡದ ಮನೆಗೆ ಒಂದು ಕಡ್ಡಿ, ಎರಡೆಲೆ.
ಅಡತಿ ಅಂಗಡಿಯವರಿಗೆ ತಕ್ಕಡಿ.
ಅವಳಿ ಹುಟ್ಟಿದ ಜಮಾದಾರರಿಗೆ ಜೋಡಿ ಚುಕ್ಕೆ,
ಒಂದು ಕೂಸು ತೀರಿಕೊಂಡ ಮೇಲೂ ಜೋಡಿಯೇ.
ಹಿತ್ತಲಲ್ಲಿ ಬಾವಿಯಿದ್ದ ಇನಾಮದಾರರಿಗೆ
ಅಡ್ಡ ಎರಡು ಗೆರೆ, ಉದ್ದ ಎರಡು.

ಉಪ್ಪಲಿ ಬುರುಜಿನ ಕೆಳಗೆ ಚೀನಾ ಡಾಕ್ಟರ ಲಿಯಾಂಗ್
ಹಲ್ಲು ಕೀಳುತ್ತಿದ್ದ. ಬಾಯಿ ತೆರೆದು ಕೂತವರಿಂದ
ಕಲಿತ ಕನ್ನಡ: ಮೊದಲು ‘ಆ’, ಆಮೇಲೆ ‘ಯಪ್ಪಾ’,
ಉಳಿದದ್ದು ನಿಧಾನಕ್ಕೆ.
ಅವನ ಬಿಳಿ ಕೋಟಿಗೆ ಅಜ್ಜಿ ಹಾಕಿದ್ದು
ಒಂದು ಗುಂಡು, ಕೆಳಗೆ ಎರಡು ಬೇರು.

ಒಂದು ಮಧ್ಯಾಹ್ನ ಕೋಟು ಹಿಡಿದು
ತಾಜ್ ಬಾವಡಿಯ ಹಿಂದಿನ ಬಂಡೆಗೇ ಬಂದ.
‘ಕಲಿ ಉಳೀತೇನ್ರಿ?’ ಅಜ್ಜಿಗೆ ಅಂಜಿಕೆ.
ಅವನು ಕುಕ್ಕರಗಾಲಲ್ಲಿ ಕೂತು
ಬೆರಳನ್ನು ನೀಲಿಯಲ್ಲಿ ಅದ್ದಿ ಬಂಡೆಯ ಮೇಲೆ
ಒಂದು ಬಾಯಿ ಬರೆದ. ಮೇಲೆರಡು ಹಲ್ಲು, ಕೆಳಗೆರಡು.

‘ನಮ್ಮ ಹಿರಿಯರ ಹಲ್ಲು ಹಿಂಗ,’ ಅಂದ,
‘ಆಮಿ ಚಿಪ್ಪಿನ ಮ್ಯಾಲೆ, ಎತ್ತಿನ ಹೆಗಲ ಎಲುಬಿನ ಮ್ಯಾಲೆ.
ಅರಸಗ ಹಲ್ಲು ಬ್ಯಾನಿ. ಸತ್ತ ಅಪ್ಪ ಸಿಟ್ಟಾಗ್ಯಾನೇನು?
ಕೇಳಿ, ಎಲುಬಿಗಿ ಕೆಂಡ ಒತ್ತತಿದ್ರು.
ಪುಕ್ ಅಂತ ಬಿರೀತಿತ್ತು.
ಆ ಬಿರುಕ ಉತ್ತರ. ಆ ಬಿರುಕೂ ಒಂದು ಅಕ್ಷರ.’

‘ಲವಂಗ ಇಡಬೇಕಿಲ್ಲ, ಹುಚ್ಚಪ್ಪಗೋಳು,’ ಅಂದಳು ಅಜ್ಜಿ.

ಆಮೇಲೆ ಅವನು ಬಾವಿ ಬರೆದ:
ಅಡ್ಡ ಎರಡು, ಉದ್ದ ಎರಡು.
‘ಏ! ಅದು ನಂದು! ಇನಾಮದಾರರ ಮನಿ!’
ಒಂದೇ ಕೊಡಕ್ಕೆ ಕೈ ಹಾಕಿದವರ ಹಾಗೆ
ಇಬ್ಬರೂ ಹೊತ್ತು ಮುಳುಗುವತನಕ ಜಗಳಾಡಿದರು.

ಮಾಡು, ಕೆಳಗೊಂದು ಹಂದಿ: ಮನೆ.
‘ನಮ್ಮದಕ್ಕ ಕತ್ತೆ ಬರಿ.’
ಮಾಡು, ಕೆಳಗೊಬ್ಬ ಹೆಂಗಸು: ನೆಮ್ಮದಿ.
ಅಜ್ಜಿ ಒದ್ದೆ ಸೀರೆಯನ್ನು ಬಂಡೆಗೆ ಬಡಿದಳು,
ಮಾಡೂ ಹೆಂಗಸೂ ತೊಳೆದುಹೋದವು.
‘ಬರದಾವ ಗಂಡಸ ಇರಬೇಕು.’

ಅರವತ್ತೆರಡರ ಕಾರ್ತೀಕದಲ್ಲಿ ಅವನ ಅಂಗಡಿಗೆ ಬೀಗ ಬಿತ್ತು.
ಕುರ್ಚಿ, ಇಕ್ಕಳ, ಪೆಟ್ಟಿಗೆ, ಎಲ್ಲಾ ಜೀಪಿಗೆ,
ಕಡೆಗೆ ಅವನೂ.
ಒಂದು ಕೋಟು ಮಾತ್ರ ನಮ್ಮ ಗಂಟಿನಲ್ಲಿತ್ತು.
ಫೌಜದಾರ ಬಂದು ಗಂಟು ಬಿಚ್ಚಿಸಿದ,
ಕೋಟಿನ ಕಾಲರ್ ತಿರುವಿ ನೋಡಿದ.
‘ಇದೇನ ಚೀನಾ ಬರಹ? ಏನ್ ಅರ್ಥ ಇದರದು?’
‘ನನ್ನ ಬರಹ ರೀ.’
‘ನಿನಗ ಬರಿಯಾಕ ಎಲ್ಲಿ ಬರತೈತಿ?’
‘ನಿಮ್ಮ ಅಂಗಿ ಕಾಲರ್ ತಿರುವಿ ನೋಡ್ರಿ ಸಾಹೇಬರ.’

ಅವನು ತಿರುವಿದ.
ಎರಡು ಉದ್ದ ಗೆರೆ, ನಡುವೆ ಒಂದು ಚುಕ್ಕೆ.
ಎಷ್ಟು ವರ್ಷದಿಂದ ಬೆನ್ನ ಮೇಲೆ ಹೊತ್ತಿದ್ದನೋ,
ಅರ್ಥ ಕೇಳುವ ಧೈರ್ಯವಾಗಲಿಲ್ಲ.
ಕೋಟು ಬಿಟ್ಟು ಹೋದ.

ರಾಜಸ್ಥಾನದ ಯಾವುದೋ ಕ್ಯಾಂಪು ಎಂದರು ಕೆಲವರು.
ಅಲ್ಲಿಂದ ಹಡಗು ಎಂದರು.
ಪ್ರತಿ ಯುಗಾದಿಗೆ ಅಜ್ಜಿ ಆ ಕೋಟು ಒಗೆದು
ಗಂಜಿ ಹಾಕಿ, ಮಡಿಚಿ, ಮತ್ತೆ ಟ್ರಂಕಿಗೆ.
ಕಾಲೇಜಿನ ಲ್ಯಾಬಿಗೆ ನಾನದನ್ನು ತೊಟ್ಟೆ.
ಆಸಿಡ್ ಬಿದ್ದು ತೋಳು ತೂತಾಯಿತು.
ಹಲ್ಲು ಹಾಗೇ ಇದೆ.

ಅವಳ ಕೊನೆಯ ವಾರ ಕೇಳಿದ್ದೆ,
ಫೌಜದಾರನ ಗುರುತು ಏನಂತ.
ನಕ್ಕು ಏನೋ ಹೇಳಿದಳು.
ಬಾಗಿಲ ಅಂದಳೋ, ಬಾಕಿ ಅಂದಳೋ,
ಬಾಯಲ್ಲಿ ಒಂದೂ ಹಲ್ಲಿರಲಿಲ್ಲ,
ತಿಳಿಯಲಿಲ್ಲ.