ಗಾಳಿಯ ಕೆಲಸ

ಮೂವತ್ತೊಂದು ವರ್ಷ ಬಸ್ಸಿನ ಅಡಿಯಲ್ಲಿ ಮಲಗಿದವ ನಾನು.
ಏರ್ ಬ್ರೇಕಿನ ಪೈಪು, ಬೂಸ್ಟರು, ಒಡೆದ ಡಯಾಫ್ರಮ್ಮು.
ಬಲಗಿವಿ ಹೋದದ್ದು ಅಲ್ಲೇ,
ಎಡದ್ದು ಅರ್ಧ.
ಈಗ ಯೆಯ್ಯಾಡಿಯ ಈ ತಗಡಿನ ಶೆಡ್ಡು,
ಕೈಕೆಳಗೆ ಒಬ್ಬ ಹುಡುಗ, ಸಫ್ವಾನ್,
ಮತ್ತು ಸಂಜೆಯೊಳಗೆ ಆಗಬೇಕು ಎನ್ನುವ ಜನ.

ಜೆಪ್ಪುವಿನ ಬೇಕರಿಯ ವಲೇರಿಯನ್ ರೆಗೊ
ಎಪ್ಪತ್ತೈದರ ಪದ್ಮಿನಿಯನ್ನು ಟೆಂಪೊಗೆ ಕಟ್ಟಿ ಎಳೆದುಕೊಂಡು ಬಂದರು.
ಬಾಳೆಹೂವಿನ ಬಣ್ಣ ಬಳಿಸಿದ್ದಾರೆ,
ಒಳಗೆ ಬಿಳಿ ಸೀಟು, ಸಣ್ಣ ಸ್ಟೇರಿಂಗು.
"ಐತಪ್ಪಣ್ಣ, ಇದು ಕೂರಬೇಕು" ಎಂದರು.
ಕೂರುವುದು ಅಂದರೆ?
"ನಿಲ್ಲಿಸಿದಾಗ ನೆಲಕ್ಕೆ ಹೊಟ್ಟೆ ತಾಗಬೇಕು.
ಹೊರಟಾಗ ಏಳಬೇಕು. ಹಿಟ್ಟಿನ ಹಾಗೆ."
ಮಾರಾಯ್ರೆ, ಕಾರು ಕೂರುವುದಕ್ಕೆ ಇಷ್ಟು ದುಡ್ಡಾ?
ನಮ್ಮ ಬಸ್ಸುಗಳು ಬಿಟ್ಟಿಯಾಗಿ ಕೂತದ್ದನ್ನು
ಎಷ್ಟು ಸಲ ಎಬ್ಬಿಸಿದ್ದೇನೆ ನಾನು, ಕೈಕಂಬದಲ್ಲಿ, ನಡುರಾತ್ರಿ.

ಆದರೂ ಒಪ್ಪಿದೆ.
ಗಾಳಿಯ ಕೆಲಸಕ್ಕೆ ಬೇಡ ಎನ್ನಲು ನನಗೆ ಬರುವುದಿಲ್ಲ.

ಹಿಂದಿನ ಪ್ಲೇಟು ಬಿಚ್ಚಲು ಎರಡು ದಿನ.
ಯು-ಬೋಲ್ಟುಗಳು ತುಕ್ಕಿನಲ್ಲಿ ಒಂದಾಗಿದ್ದವು,
ಬೆಂಕಿ ತೋರಿಸಿದೆವು, ಎಣ್ಣೆ ಕುಡಿಸಿದೆವು, ಬೈದೆವು.
ಕೊನೆಗೆ ಕಳಚಿದಾಗ
ಬಿಲ್ಲಿನ ಹಾಗೆ ಬಾಗಿದ ಉಕ್ಕಿನ ಎಲೆಗಳು
ನೆಲದ ಮೇಲೆ ಠಣ್ ಎಂದದ್ದು
ನನ್ನ ಕಿವಿಗೂ ಕೇಳಿತು.

ಒಂದು ಮಾತು ಸಫ್ವಾನನಿಗೆ ಹೇಳಬೇಕಿತ್ತು, ಹೇಳಿದೆ:
ಪ್ಲೇಟು ಭಾರ ಹೊರುತ್ತದೆ, ಎಲ್ಲರೂ ತಿಳಿದದ್ದು ಅಷ್ಟೇ.
ಆಕ್ಸಲ್ಲನ್ನು ಅದರ ಜಾಗದಲ್ಲಿ ಹಿಡಿದು ಕೂರಿಸಿದ್ದೂ ಅದೇ.
ಅದನ್ನು ತೆಗೆದು ಬರೀ ಚೀಲ ಇಟ್ಟರೆ
ತಾನು ಎಲ್ಲಿರಬೇಕೆಂದು ಚಕ್ರಕ್ಕೆ ಗೊತ್ತಾಗದು,
ಪಂಪ್‌ವೆಲ್ಲಿನ ತಿರುವಿನಲ್ಲಿ ಬಾಡಿ ಒಂದು ಕಡೆ, ಅದು ಒಂದು ಕಡೆ.
ಹಾಗಾಗಿ ನಾಲ್ಕು ತೋಳು, ಒಂದು ಅಡ್ಡಸರಳು,
ಬೆಸುಗೆ ಹಾಕಿ, ತಣಿಯಲು ಬಿಟ್ಟು, ಸುತ್ತಿಗೆಯಲ್ಲಿ ತಟ್ಟಿ ನೋಡಿ.
ಗಾಳಿ ಎತ್ತಲಿ, ಬೇಡ ಎನ್ನುವುದಿಲ್ಲ.
ಹಿಡಿಯಲು ಮಾತ್ರ ಅದಕ್ಕೆ ಕೈಯಿಲ್ಲ.

ಮುಂದೆ ಸುರುಳಿ ತೆಗೆದ ಗುಂಡಿಯಲ್ಲಿ
ಮೂಲೆಗಳನ್ನೆಲ್ಲ ಉಜ್ಜಿ ನುಣುಪು ಮಾಡಿ
ಕಪ್ಪು ರಬ್ಬರಿನ ಚೀಲ ಇಟ್ಟೆವು.
ಡಿಕ್ಕಿಯಲ್ಲಿ ಟ್ಯಾಂಕು, ಕಂಪ್ರೆಸರು, ವಾಲ್ವಿನ ಸಾಲು.
ಶನಿವಾರ ಸಂಜೆ ರೆಗೊ ಬಟನ್ ಒತ್ತಿದರು.
ಪದ್ಮಿನಿ ಮೊದಲು ಹಿಂದೆ, ಆಮೇಲೆ ಮುಂದೆ,
ಮಲಗಿದ ಎಮ್ಮೆ ಏಳುವ ಹಾಗೆ ಎದ್ದಿತು.
ಸಫ್ವಾನ್ ವೀಡಿಯೊ ತೆಗೆದ.

ಭಾನುವಾರ ಬಾಗಿಲು ತೆರೆದರೆ
ಹಿಂದಿನ ಎಡಮೂಲೆ ನೆಲಕ್ಕೆ ಒರಗಿ ಕೂತಿದೆ.
ಹೇಳದೆ ಕೇಳದೆ, ರಾತ್ರಿಯಲ್ಲಿ, ತಾನಾಗಿ.
ಅಡಿಯಲ್ಲಿ ನನ್ನ ಒಂದು ಚಪ್ಪಲಿ.

ಎಲ್ಲೋ ಸೋರುತ್ತಿದೆ. ಬೇರೆಯವರಾದರೆ ಕಿವಿಯಿಟ್ಟು ಹಿಡಿಯುತ್ತಾರೆ.
ನನಗೆ ಸೋಪಿನ ನೊರೆ, ಬ್ರಷ್ಷು,
ನೊರೆಗೂ ಸಿಗದ್ದಕ್ಕೆ ಕೆನ್ನೆ.
ಬಸ್ಸಿನ ಕಾಲದಲ್ಲಿ ಕಲಿತದ್ದು:
ಕೆನ್ನೆ ಒದ್ದೆ ಮಾಡಿ ಪೈಪಿನ ಉದ್ದಕ್ಕೂ ತಂದರೆ
ಒಂದು ಕಡೆ ತಣ್ಣಗೆ, ಸೂಜಿಮೊನೆಯಷ್ಟು,
ಯಾರೋ ಪಕ್ಕದಲ್ಲಿ ಉಸಿರು ಬಿಟ್ಟ ಹಾಗೆ.

ಸಿಕ್ಕಿತು. ಪೈಪಿನ ತುದಿ ಓರೆ.
ಬ್ಲೇಡು ಸಿಗದ ಗಡಿಬಿಡಿಯಲ್ಲಿ ಗರಗಸ ಹಿಡಿದವ ನಾನೇ.
ಸಫ್ವಾನ್ ಆಗಲೇ ನೋಡಿದ್ದ;
ಈಗ ನಟ್ಟು ಎಣಿಸುವವನ ಹಾಗೆ ತಲೆ ತಗ್ಗಿಸಿದ್ದಾನೆ.
"ಹೇಳಬಾರದಿತ್ತಾ?"
"ಹೇಳಿದ್ದೆ ಐತಪ್ಪಣ್ಣ. ನಿಮ್ಮ ಬಲಗಡೆ ನಿಂತು."

ನೇರ ಕೊಯ್ದೆವು. ಒತ್ತಿ ಕೂರಿಸಿದೆವು. ಮೂರು ರಾತ್ರಿ ನಿಂತಿತು.

ದುಡ್ಡಿನ ಜೊತೆ ಬಿಸಿ ಉಂಡೊ ತಂದರು ರೆಗೊ, ಪೇಪರಿನಲ್ಲಿ ಸುತ್ತಿ.
ಇಳಿಜಾರಿನಲ್ಲಿ ಕಾರು ಹೋಗುವುದನ್ನು ನಾವಿಬ್ಬರೂ ನೋಡಿದೆವು;
ಹಂಪಿನ ಮುಂದೆ ಒಮ್ಮೆ ಮೇಲೆದ್ದು
ಸೀರೆ ಎತ್ತಿ ತೋಡು ದಾಟುವವಳ ಹಾಗೆ ದಾಟಿತು.
ಆರ್‌ಟಿಒದವರು ಹಿಡಿದರೆ ಅದು ಅವರ ಗ್ರಹಚಾರ.

ಹಳೆ ಪ್ಲೇಟು ಅವರಿಗೆ ಬೇಡವಂತೆ.
ಎರಡನ್ನು ಗುರುಪುರದ ಕಮ್ಮಾರನಿಗೆ ಕೊಟ್ಟೆ.
ಐವತ್ತು ವರ್ಷ ಗುಂಡಿ ಕಂಡ ಉಕ್ಕು,
ಹರಿತ ಚೆನ್ನಾಗಿ ನಿಲ್ಲುತ್ತದೆ ಎಂದ.
ಈಗ ನಮ್ಮ ಅಡುಗೆಮನೆಯಲ್ಲಿ ಮೆಟ್ಟುಕತ್ತಿ.
ಗುಲಾಬಿ ಅದನ್ನು ಮೆಟ್ಟಿ ಬಂಗುಡೆಯ ತಲೆ ಕೊಯ್ಯುತ್ತಾಳೆ,
ನೇರ, ಒಂದೇ ಸಲಕ್ಕೆ.
ಎಡಗಿವಿಯನ್ನು ಅವಳ ಕಡೆಗೆ ಮಾಡಿ
ನಾನು ಕೂತಿರುತ್ತೇನೆ,
ಏನಾದರೂ ಹೇಳಿದರೆ ಎಂದು.